ಹಳೆಯ ಹರಳಿನ ಬೆಳಕು

ಥಾಲಿಯಂ ಬೆರೆತ ಸೋಡಿಯಂ ಅಯೋಡೈಡ್ ಹರಳು ವಿಕಿರಣ ತಾಗಿದೊಡನೆ ಮಿನುಗುವುದನ್ನು 1948ರಲ್ಲಿ ರಾಬರ್ಟ್ ಹಾಫ್‌ಸ್ಟ್ಯಾಟರ್ ತೋರಿಸಿಕೊಟ್ಟರು. ಇಂತಹ ಹರಳುಳ್ಳ ಹಳೆಯ ವಿಕಿರಣ ಶೋಧಕಗಳನ್ನು ಹವ್ಯಾಸಿಗಳು ಇಂದಿಗೂ ದುರಸ್ತಿಗೊಳಿಸಿ ಬಳಸುತ್ತಾರೆ.

ಇವುಗಳ ಮುಖ್ಯ ವೈರಿ ತೇವ. ಅದು ಒಳನುಸುಳಿದರೆ ಹರಳು ಹಳದಿಗಟ್ಟಿ ಮಂಕಾಗುತ್ತದೆ. ಆದುದರಿಂದ ಹರಳಿನ ಲೋಹದ ಕವಚವನ್ನು ಬಿಚ್ಚಲಾಗದು. ಥಾಲಿಯಂ ವಿಷವೂ ಹೌದು. ಹರಳು ತಿಳಿಯಾಗಿದ್ದು, ಮಿನುಗನ್ನು ವಿದ್ಯುತ್ತಾಗಿಸುವ ನಳಿಗೆ ಬೇರ್ಪಡುವಂತಿದ್ದರೆ, ಅವುಗಳ ನಡುವೆ ಒಣಗಿದ ಸಿಲಿಕೋನ್ ಜಿಡ್ಡನ್ನು ಒರೆಸಿ ಹೊಸದನ್ನು ಸವರುವುದರಿಂದಲೇ ಎಷ್ಟೋ ವೇಳೆ ಉಪಕರಣ ಮರುಜೀವ ಪಡೆಯುತ್ತದೆ.

ಆದರೆ ನಳಿಗೆಗೆ ಬೇಕಾಗುವ ಸುಮಾರು 1000 ವೋಲ್ಟ್ ವಿದ್ಯುತ್ತು, ಗುಂಡಿ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ಮಕ್ಕಳಿರುವ ಮನೆಯಲ್ಲಿ ಈ ಎಚ್ಚರ ಮೊದಲು, ಕುತೂಹಲ ಅನಂತರ. ಯಾವುದನ್ನು ತೆರೆಯಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಕವೇ ದುರಸ್ತಿಯ ಅರ್ಧಭಾಗವೆಂದು ನಾವು ಭಾವಿಸುತ್ತೇವೆ.