ಉಳಿದ ನಾಲ್ಕು ದಿನ ಯಾರದು?



ಊರಿಗೆ ಬರುವ ಸಾಹೇಬರೆಲ್ಲ ಈಗ ಒಂದೇ ಮಂತ್ರ ಹೇಳ್ತಾರೆ: "ಬೇವು, ಬೆಳ್ಳುಳ್ಳಿ, ಲೋಳೆಸರದ ರಸ ಬಳಸಿ, ಕಿತ್ತ ಹಣ್ಣು ಕೆಡದಂತೆ ಉಳಿಸಿಕೊಳ್ಳಿ." ಒಳ್ಳೇ ಮಾತು. ಬೇಡ ಅಂದವರು ಯಾರು? ಕಾಳಿಗೆ ಬೇವಿನ ಸೊಪ್ಪು ಹಾಕಿಡುತ್ತಿದ್ದ ನಮ್ಮ ಅಜ್ಜಿಯರಿಗೆ ಯಾವ ಸಾಹೇಬರೂ ಪಾಠ ಹೇಳಿರಲಿಲ್ಲ.

ಶ್ರೀನಿವಾಸಪುರದ ಮಾವನ್ನೇ ನೋಡಿ. ಹಣ್ಣಿನ ಮೇಲೆ ಕಪ್ಪು ಮಚ್ಚೆ ಎಬ್ಬಿಸುವ ಚಿಬ್ಬು ರೋಗ ಮಂಡಿಯಲ್ಲಿ ಹುಟ್ಟೋದಲ್ಲ. ಹೂವು, ಪಿಂದೆ ಇರುವಾಗಲೇ ಒಳಸೇರಿ, ಕಾಯಿ ಬಲಿಯುವವರೆಗೆ ಸುಮ್ಮನಿದ್ದು, ಹಣ್ಣಾಗುವಾಗ ಹೆಡೆ ಎತ್ತುತ್ತದೆ. ಬೇವಿನ ಎಣ್ಣೆ, ನಿಂಬೆಹುಲ್ಲಿನ ಎಣ್ಣೆ ಆ ಬೂಷ್ಟನ್ನು ಹಿಡಿತಕ್ಕೆ ತರುವುದು ಪ್ರಯೋಗಶಾಲೆಗಳಲ್ಲಿ ಕಂಡಿದೆ. ಲೋಳೆಸರದ ಲೋಳೆ ತೆಳುವಾಗಿ ಪೊರೆ ಕಟ್ಟಿ ಹಣ್ಣು ಬಾಡುವುದನ್ನು ನಿಧಾನ ಮಾಡುತ್ತದೆ. ಆದರೆ ಪೆಟ್ಟು ಬಿದ್ದ ಕಾಯನ್ನು ಯಾವ ಸೊಪ್ಪೂ ಉಳಿಸಲಾರದು. ತೊಟ್ಟಿನ ಸಮೇತ ಕೊಯ್ಯಬೇಕು, ಸೊನೆ ತಾಗಿಸಬಾರದು, ಅದ್ದಿದ ಮೇಲೆ ನೆರಳಲ್ಲಿ ಆರಿಸಬೇಕು. ಒಂದೊಂದು ಮರದ ಸೊಪ್ಪಿನ ಸತ್ವ ಒಂದೊಂದು ಥರ. ಅಳತೆ ಹೇಳಿಕೊಡುವವರು ಬೇಕು. ಬರೀ ಭಾಷಣ ಸಾಲದು.

ಈಗ ನನ್ನ ಪ್ರಶ್ನೆ. ಹಣ್ಣು ನಾಲ್ಕು ದಿನ ಹೆಚ್ಚಿಗೆ ಉಳಿಯಿತು ಅನ್ನಿ. ಆ ನಾಲ್ಕು ದಿನ ಯಾರದು? ಸಾಲವೂ ಚಿಬ್ಬು ರೋಗದ ಹಾಗೆ ಹೂವಿನಲ್ಲೇ ಸೇರುತ್ತದೆ. ಬೋರ್‌ವೆಲ್‌ಗೋ ಮಗಳ ಮದುವೆಗೋ ಮುಂಗಡ ತಗೊಂಡು ಹೂವಿನಲ್ಲೇ ತೋಟ ಗುತ್ತಿಗೆ ಕೊಟ್ಟವನಿಗೆ ಕಾಯಿಯ ಮೇಲೆ ಹಕ್ಕೆಲ್ಲಿದೆ? ನಾನೂ ಎರಡು ವರ್ಷ ಹಾಗೆ ಕೊಟ್ಟು ಕೈ ಸುಟ್ಟುಕೊಂಡವನೇ. ಮಂಡಿಯಲ್ಲಿ ಸಾಲ ಮಾಡಿದವನು ಅವರು ಕೂಗಿದ ಬೆಲೆಗೆ ಅವತ್ತೇ ಕೊಟ್ಟು ಬರಬೇಕು. ಹಣ್ಣು ಕಾಯಬಹುದು, ಬಡ್ಡಿ ಕಾಯೋದಿಲ್ಲ. ಸೊಪ್ಪು ಅರೆಯುವ ಕೂಲಿ ನಮ್ಮದು, ಉಳಿದ ದಿನಗಳ ಲಾಭ ಗೋದಾಮು ಇದ್ದವನದು!

ವಿದ್ಯೆಯನ್ನೂ ಕಾಯಬೇಕು. ಬೇವಿನ ಎಣ್ಣೆಯಿಂದ ಗಿಡದ ಬೂಷ್ಟು ತಡೆಯುವ ವಿಧಾನಕ್ಕೆ 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಅಮೆರಿಕದ ಕೃಷಿ ಇಲಾಖೆಗೂ ಅಲ್ಲಿನ ಒಂದು ಕಂಪನಿಗೂ ಹಕ್ಕು ಕೊಟ್ಟಿತ್ತು. ಹೋರಾಡಿದ ಮೇಲೆ 2000ದಲ್ಲಿ ರದ್ದಾಯಿತು. 2005ರಲ್ಲಿ ಅವರ ಮೇಲ್ಮನವಿಯೂ ಬಿದ್ದುಹೋಯಿತು. ಸುಮ್ಮನಿದ್ದಿದ್ದರೆ?

ಆದ್ದರಿಂದ ಕೇಳಿ, ಗಟ್ಟಿಯಾಗಿ ಕೇಳಿ. ಹೋಬಳಿಗೊಂದು ಹಣ್ಣು ತೊಳೆದು ಅದ್ದುವ ತೊಟ್ಟಿ, ನೆರಳಿನ ಚಪ್ಪರ, ಅಳತೆ ತಿಳಿದ ಒಬ್ಬ ಸಿಬ್ಬಂದಿ. ಹೂವಿನ ಕಾಲಕ್ಕೇ ಸೊಸೈಟಿಯಿಂದ ಸಾಲ, ಮಾರಿದ ಮೇಲೆ ಕಟ್ಟುವ ಗಡುವು. ಇಷ್ಟಾದರೆ ಆ ನಾಲ್ಕು ದಿನ ನಮ್ಮದಾಗುತ್ತದೆ.

ಹಣ್ಣಿನ ಕೊಳೆಗೆ ಬೇವು ಸಾಕಾಗಬಹುದು. ಮಂಡಿಯ ಕೊಳೆಗೆ ನಾವೇ ಬೇವಾಗಬೇಕು.