ಮದ್ದು ಮಾರಿಯಾಗಬಾರದು

ಹೆರಾಯಿನ್ ಮೊದಲಾದ ಅಫೀಮು ಜಾತಿಯ ಮಾದಕಗಳಿಗೆ ದಾಸರಾದವರನ್ನು ಬಿಡಿಸಲು ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬ ಬದಲಿ ಔಷಧಗಳುಂಟು. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಇವೆರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಫ್ರಾನ್ಸ್ ದೇಶದ ವೈದ್ಯರು 1996ರಿಂದ ಮೊದಲನೆಯದನ್ನು ಧಾರಾಳವಾಗಿ ಕೊಡತೊಡಗಿದ ಮೇಲೆ, ಮಾದಕದ ಅತಿಸೇವನೆಯಿಂದಾಗುವ ಮರಣಗಳು ಕೆಲವೇ ವರ್ಷಗಳಲ್ಲಿ ಬಹುವಾಗಿ ಇಳಿದುವು. ಆದಕಾರಣ ಔಷಧವನ್ನೇ ಹಳಿಯುವವರ ಮಾತನ್ನು ನಾವು ಒಪ್ಪಲಾರೆವು.

ಆದರೆ ಇವೂ ಅಫೀಮಿನ ಬಂಧುಗಳೇ ಎಂಬುದನ್ನು ಮರೆಯತಕ್ಕದ್ದಲ್ಲ. ನಾಲಗೆಯಡಿ ಕರಗಿಸಬೇಕಾದ ಗುಳಿಗೆಯನ್ನು ಪುಡಿಮಾಡಿ ಸೂಜಿಯಿಂದ ಚುಚ್ಚಿಕೊಂಡರೆ ರಕ್ತನಾಳಗಳು ಕೆಡುವುವು. ಸೂಜಿ ಹಂಚಿಕೊಂಡರೆ ಎಚ್‌ಐವಿ, ಕಾಮಾಲೆಗಳು ಬೆನ್ನು ಹತ್ತುವುವು. ಮದ್ಯದೊಡನೆ ಅಥವಾ ನಿದ್ರೆಗುಳಿಗೆಯೊಡನೆ ಸೇವಿಸಿದರೆ ಉಸಿರು ಮಂದವಾಗಿ ನಿಂತೇ ಹೋಗಬಹುದು. ಮೆಥಡೋನಿನ ಪರಿಣಾಮ ನಿಧಾನ. ಏನೂ ಆಗಲಿಲ್ಲವೆಂದು ಎರಡನೆಯ ಸಲ ಕುಡಿದವನು ನಿದ್ರೆಯಲ್ಲಿಯೇ ಪ್ರಾಣ ಬಿಡಬಹುದು. ಚಟವಿಲ್ಲದವನಿಗೂ ಮಗುವಿಗೂ ರೋಗಿಯ ಪ್ರಮಾಣವೇ ಮೃತ್ಯುವಾದೀತು. ಇದಕ್ಕಾಗಿಯೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಚಿಕಿತ್ಸಾಕ್ರಮದಲ್ಲಿ ಸಿಬ್ಬಂದಿಯ ಕಣ್ಣೆದುರಿನಲ್ಲಿ ದಿನದಿನವೂ ಔಷಧ ಕೊಡುವ ಪದ್ಧತಿಯನ್ನಿಟ್ಟರು.

ಈ ಪದ್ಧತಿ ನಮ್ಮ ಜಿಲ್ಲೆಯಲ್ಲಿ ನಡೆಯಬೇಕಾದರೆ ದೂರದ ಪ್ರಶ್ನೆ ಏಳುವುದು. ಔರಾದದ ಕೂಲಿಕಾರನು ಒಂದು ಗುಳಿಗೆಗಾಗಿ ದಿನವೂ ಬೀದರಿಗೆ ಬಂದುಹೋಗಬೇಕೆಂದರೆ ಅವನ ಕೂಲಿ ಹೋಗುವುದು. ನಾಲ್ಕು ದಿನ ಬಂದವನು ಐದನೆಯ ದಿನ ಕಳ್ಳಗುಳಿಗೆಯನ್ನು ಹುಡುಕಿದರೆ ತಪ್ಪು ಅವನೊಬ್ಬನದೆನ್ನಲಾದೀತೆ? ಮಹಾರಾಷ್ಟ್ರ, ತೆಲಂಗಾಣಗಳ ಗಡಿ ಕೂಡುವ ಈ ಸೀಮೆಯಲ್ಲಿ ಕಳ್ಳಮಾಲಿಗೆ ದಾರಿಗಳೇನೂ ಕಡಿಮೆಯಿಲ್ಲ. 1985ರ ಮಾದಕವಸ್ತು ಕಾಯಿದೆ ಕಠಿಣವಾದುದೇ ಸರಿ. ಆದರೆ ಬಾಗಿಲು ಮುಚ್ಚುವ ಕಾಯಿದೆಯೊಂದೇ ರೋಗಿಯನ್ನು ಉಳಿಸಲಾರದು.

ಆದುದರಿಂದ ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹವಿಷ್ಟೆ: ಬೀದರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು ಪ್ರಮಾಣವನ್ನು ಗೊತ್ತುಮಾಡಲಿ, ಭಾಲ್ಕಿ, ಔರಾದಗಳ ತಾಲೂಕು ಆಸ್ಪತ್ರೆಗಳಲ್ಲಿ ದಿನದ ಔಷಧ ರೋಗಿಯ ಕೈಗಲ್ಲ, ನಾಲಗೆಗೆ ಸಲ್ಲಲಿ. ಉಸಿರು ನಿಲ್ಲುತ್ತಿರುವವನನ್ನು ಎಬ್ಬಿಸಬಲ್ಲ ನಲಾಕ್ಸೋನ್ ಚುಚ್ಚುಮದ್ದು ಅಲ್ಲಿ ಸದಾ ಸಿದ್ಧವಿರಲಿ. ಔಷಧದಂಗಡಿಗಳ ಲೆಕ್ಕಪುಸ್ತಕಗಳನ್ನು ತಪ್ಪದೆ ತನಿಖೆ ಮಾಡಲಿ. ಬೇಲಿಯೇ ಎದ್ದು ಹೊಲ ಮೇಯಬಾರದು.

ಮನೆಯವರಲ್ಲಿಯೂ ಒಂದು ಮಾತು. ಚಟಕ್ಕೆ ಬಿದ್ದವನನ್ನು ಮಾನಕ್ಕಂಜಿ ಬಚ್ಚಿಟ್ಟರೆ ಅವನು ಉಳಿಯನು. ಆಸ್ಪತ್ರೆಗೆ ಕರೆತನ್ನಿರಿ, 14446 ಎಂಬ ಸರಕಾರಿ ಸಹಾಯವಾಣಿಯನ್ನು ಕೇಳಿರಿ, ಮನೆಗೆ ಬಂದ ಔಷಧಕ್ಕೆ ಬೀಗವಿರಲಿ. ವೈದ್ಯನ ಕೈಯಲ್ಲಿ ಪ್ರಾಣ ಕೊಡುವ ಗುಳಿಗೆಯೇ ಕಳ್ಳನ ಕೈಯಲ್ಲಿ ಪ್ರಾಣ ಕೊಳ್ಳುವುದು. ಅದು ಯಾರ ಕೈಯಲ್ಲಿರಬೇಕೆಂಬುದನ್ನು ನಿಶ್ಚಯಿಸುವ ಹೊಣೆ ಸರಕಾರದ್ದೂ ಹೌದು, ನಮ್ಮೆಲ್ಲರದೂ ಹೌದು.