ಬೆಕ್ಕಿಗೆ ಆಸ್ಕರ್ ಬಂದ ಬೆಳಿಗ್ಗೆ

2025ರ ಮಾರ್ಚ್ 3, ಸೋಮವಾರ. ಗ್ರಂಥಾಲಯಕ್ಕೆ ವಾರದ ರಜೆ. ಹಾಗಾಗಿ ಅಪ್ಪನ ಟೇಲರಿಂಗ್ ಅಂಗಡಿಯ ಮೂಲೆಯಲ್ಲಿ ಕುಳಿತು ಎಫ್‌ಡಿಎ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದೆ. ಬೆಂಗಳೂರಿನಿಂದ ಗೆಳೆಯನ ಮೆಸೇಜ್ ಬಂತು: ‘ಬೆಕ್ಕು ಗೆದ್ದುಬಿಡ್ತು ಮಾರಾಯ!’ ಅವನು ಹೇಳಿದ್ದು ‘ಫ್ಲೋ’ ಎಂಬ ಅನಿಮೇಷನ್ ಚಿತ್ರದ ಬಗ್ಗೆ. ಒಂದೇ ಒಂದು ಮಾತಿಲ್ಲದ, ಲಾಟ್ವಿಯಾ ಎಂಬ ಪುಟ್ಟ ದೇಶದ ಚಿತ್ರವದು. ಡಿಸ್ನಿ–ಪಿಕ್ಸಾರ್‌ನ ‘ಇನ್‌ಸೈಡ್ ಔಟ್ 2’, ಡ್ರೀಮ್‌ವರ್ಕ್ಸ್‌ನ ‘ದಿ ವೈಲ್ಡ್ ರೋಬೊ’ದಂಥ ಚಿತ್ರಗಳನ್ನು ಹಿಂದಿಕ್ಕಿ ಆಸ್ಕರ್ ಪಡೆದಿತ್ತು.

ಖುಷಿಯಾಯಿತು. ಹಿಂದೆಯೇ ಹೊಟ್ಟೆಯೊಳಗೆ ಏನೋ ಚುಚ್ಚಿದಂತೆಯೂ ಆಯಿತು. ಏಕೆಂದರೆ ಎರಡು ತಿಂಗಳ ಹಿಂದಿನವರೆಗೆ ನಾನೂ ‘ಅನಿಮೇಷನ್ ಫೀಲ್ಡ್’ನಲ್ಲಿದ್ದೆ. ಪದವಿ ಮುಗಿಸಿ, ಸಾಲ ಮಾಡಿ ಬೆಂಗಳೂರಿನಲ್ಲಿ ಡಿಪ್ಲೊಮಾ ಮಾಡಿದ್ದೆ. ಸೇರುವಾಗ ತೋರಿಸಿದ್ದು ಹಾಲಿವುಡ್ ಚಿತ್ರಗಳ ಪೋಸ್ಟರ್. ಕೊನೆಗೆ ಸಿಕ್ಕಿದ್ದು ಒಂದು ಸಣ್ಣ ಸ್ಟುಡಿಯೊದಲ್ಲಿ ರಾತ್ರಿ ಪಾಳಿಯ ‘ರೋಟೊ’ ಕೆಲಸ. ಅಂದರೆ, ಚಿತ್ರೀಕರಿಸಿದ ದೃಶ್ಯದ ಪ್ರತಿ ಫ್ರೇಮಿನಲ್ಲೂ ನಟನ ಸುತ್ತ ಗೆರೆ ಎಳೆದು, ಹಿನ್ನೆಲೆಯಿಂದ ಅವನನ್ನು ಬೇರ್ಪಡಿಸಿಕೊಡುವುದು. ಒಂದು ಸೆಕೆಂಡಿಗೆ 24 ಫ್ರೇಮ್. ಆಮೇಲೆ ಬೇರೆ ಯಾವುದೋ ದೇಶದಲ್ಲಿ ಕುಳಿತವರು ಆ ನಟನ ಹಿಂದೆ ಬೆಟ್ಟವನ್ನೋ ಬೆಂಕಿಯನ್ನೋ ಇಡುತ್ತಾರೆ. ಹೊರಗಿನ ಕೆಲಸ ಬರುವುದು ನಿಂತಿತು, ಸ್ಟುಡಿಯೊ ಮುಚ್ಚಿತು, ನಾನು ಊರಿಗೆ ಬಂದೆ.

ನಾನು ಕೆಲಸ ಮಾಡಿದ್ದ ಒಂದು ಚಿತ್ರ ಟಿ.ವಿಯಲ್ಲಿ ಬಂದಾಗ ಅವ್ವ ಕೇಳಿದ್ದಳು, ‘ಇದರಾಗ ನೀ ಮಾಡಿದ್ದು ಯಾವುದು?’

‘ಹೀರೋನ ಕೂದಲ ಸುತ್ತ ಗೆರಿ ಎಳದೀನವ್ವಾ.’

‘ಕೂದಲ ಸುತ್ತ ಅಷ್ಟನಾ?’

ಅವ್ವ ಅಣಕಿಸಲು ಕೇಳಿದ್ದಲ್ಲ. ಆದರೆ ಆ ಪ್ರಶ್ನೆ ನನ್ನೊಳಗೆ ಉಳಿದುಬಿಟ್ಟಿತು. ಬೆಕ್ಕಿಗೆ ಆಸ್ಕರ್ ಬಂದ ಬೆಳಿಗ್ಗೆ ಅದು ಮತ್ತೆ ಎದ್ದು ಕುಳಿತಿತು. ಕೈಚಳಕ ನಮ್ಮಲ್ಲಿದೆ, ಕಂಪ್ಯೂಟರ್ ಇದೆ, ಹುಡುಗ ಹುಡುಗಿಯರಿದ್ದಾರೆ. ಹಾಗಿದ್ದರೂ ನಮ್ಮದು ಎಂದು ತೋರಿಸಲು ಕೂದಲ ಸುತ್ತಲಿನ ಗೆರೆ ಮಾತ್ರ ಏಕೆ?

ಆಸ್ಕರ್‌ಗೆ ಒಂಬತ್ತು ತಿಂಗಳ ಮೊದಲೇ ಈ ಬೆಕ್ಕನ್ನು ಗುರುತಿಸಿದ್ದು ಆನ್ಸಿ ಉತ್ಸವ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ನಡುವೆ, ಸರೋವರದ ದಂಡೆಯಲ್ಲಿರುವ ಪುಟ್ಟ ಊರು ಆನ್ಸಿ. 1960ರಲ್ಲಿ ಅಲ್ಲಿ ಶುರುವಾದ ಅನಿಮೇಷನ್ ಚಿತ್ರೋತ್ಸವ ಈಗ ಪ್ರತಿ ಜೂನ್‌ನಲ್ಲಿ ಜಗತ್ತಿನ ಅನಿಮೇಷನ್ ಮಂದಿಯ ಜಾತ್ರೆ. ಅಲ್ಲಿನ ದೊಡ್ಡ ಬಹುಮಾನದ ಹೆಸರು ‘ಕ್ರಿಸ್ಟಲ್’. ಚಿತ್ರ ಶುರುವಾಗುವ ಮೊದಲು ಪ್ರೇಕ್ಷಕರು ಕಾಗದದ ವಿಮಾನ ಮಾಡಿ ಪರದೆಯತ್ತ ತೂರುತ್ತಾರೆ. ಯಾರದ್ದಾದರೂ ವಿಮಾನ ವೇದಿಕೆ ತಲುಪಿದರೆ ಇಡೀ ಸಭಾಂಗಣ ಚಪ್ಪಾಳೆ ತಟ್ಟುತ್ತದೆ. ವಿದ್ಯಾರ್ಥಿಗಳ ಪದವಿ ಚಿತ್ರಗಳಿಗೂ ಅಲ್ಲಿ ಪ್ರತ್ಯೇಕ ಕ್ರಿಸ್ಟಲ್ ಇದೆ ಎಂಬುದನ್ನು ಕಾಲೇಜು ಗೆಳೆಯರು ಗಮನಿಸಬೇಕು.

2024ರ ಆನ್ಸಿ ಉತ್ಸವದಲ್ಲಿ ‘ಫ್ಲೋ’ಗೆ ತೀರ್ಪುಗಾರರ ಪ್ರಶಸ್ತಿ, ಪ್ರೇಕ್ಷಕರ ಪ್ರಶಸ್ತಿ, ಸಂಗೀತದ ಪ್ರಶಸ್ತಿ ಸೇರಿ ನಾಲ್ಕು ಬಹುಮಾನ ಬಂದವು. ಆ ವರ್ಷದ ಕ್ರಿಸ್ಟಲ್ ಮಾತ್ರ ಆಸ್ಟ್ರೇಲಿಯಾದ ಆಡಮ್ ಎಲಿಯಟ್ ಅವರ ‘ಮೆಮೊಯರ್ ಆಫ್ ಎ ಸ್ನೇಲ್’ ಪಾಲಾಯಿತು. ಅದು ಗೊಂಬೆಗಳನ್ನು ಕೈಯಿಂದ ಒಂದಿಷ್ಟೇ ಸರಿಸಿ, ಫೋಟೊ ತೆಗೆದು, ಮತ್ತೆ ಸರಿಸಿ ಮಾಡಿದ ಚಿತ್ರ. 2025ರಲ್ಲಿ ಕಿರುಚಿತ್ರದ ಕ್ರಿಸ್ಟಲ್ ಪಡೆದದ್ದು ಪಿಯೆರ್‌–ಲುಕ್ ಗ್ರಾನ್‌ಜೋನ್ ಅವರ ‘ದಿ ನೈಟ್ ಬೂಟ್ಸ್’. ಅದನ್ನು ಮಾಡಿದ್ದು ಸಾವಿರಾರು ಸೂಜಿಗಳಿರುವ ಹಲಗೆಯ ಮೇಲೆ, ಆ ಸೂಜಿಗಳನ್ನು ಒತ್ತಿ, ಅವುಗಳ ನೆರಳಿನಿಂದ ಚಿತ್ರ ಮೂಡಿಸಿ. ಹೊಸ ಸಾಫ್ಟ್‌ವೇರ್ ಕಲಿಯದಿದ್ದರೆ ಬದುಕಿಲ್ಲ ಎಂದು ನಮ್ಮನ್ನು ಹೆದರಿಸುವ ಕಾಲದಲ್ಲಿ, ಬಹುಮಾನ ಬರುತ್ತಿರುವುದು ಜೇಡಿಮಣ್ಣು, ಸೂಜಿ, ನೆರಳಿಗೂ!

‘ಫ್ಲೋ’ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಹುಟ್ಟಿದ್ದು 1994ರಲ್ಲಿ. ನಮಗೆ ಅಣ್ಣನ ವಯಸ್ಸು. ಅವರ ಮೊದಲ ಪೂರ್ಣಪ್ರಮಾಣದ ಚಿತ್ರ ‘ಅವೇ’ಯನ್ನು ಚಿತ್ರ, ಸಂಕಲನ, ಸಂಗೀತ ಎಲ್ಲ ಸೇರಿ ಒಬ್ಬರೇ ಮಾಡಿದರು. ಮೂರೂವರೆ ವರ್ಷ ಹಿಡಿಯಿತು. 2019ರಲ್ಲಿ ಅದಕ್ಕೂ ಆನ್ಸಿಯಲ್ಲಿ ಬಹುಮಾನ ಬಂತು. ‘ಫ್ಲೋ’ಗೆ ತಂಡ ಕಟ್ಟಿಕೊಂಡರು. ಪ್ರವಾಹದಲ್ಲಿ ಮುಳುಗಿದ ಲೋಕ, ಒಂದು ದೋಣಿ, ಅದರಲ್ಲಿ ಬೆಕ್ಕು, ನಾಯಿ, ಕ್ಯಾಪಿಬರಾ, ಲೀಮರ್, ಒಂದು ದೊಡ್ಡ ಹಕ್ಕಿ. ಇಷ್ಟೇ ಕಥೆ. ಪ್ರಾಣಿಗಳು ಮನುಷ್ಯರಂತೆ ಮಾತನಾಡುವುದಿಲ್ಲ, ಪ್ರಾಣಿಗಳಂತೆಯೇ ಕೂಗುತ್ತವೆ. ನಿಜವಾದ ಕ್ಯಾಪಿಬರಾದ ದನಿ ತೀರಾ ಕೀಚಲಾಗಿದ್ದರಿಂದ ಒಂಟೆ ಮರಿಯ ದನಿ ಬಳಸಿದರಂತೆ. ಚಿತ್ರ ಮಾಡಿದ್ದು ಬ್ಲೆಂಡರ್‌ನಲ್ಲಿ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಸಾಫ್ಟ್‌ವೇರ್ ಅದು. 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೊ ಒಟ್ಟುಗೂಡಿಸಿ ಅದನ್ನು ಎಲ್ಲರಿಗೂ ಮುಕ್ತವಾಗಿಸಿದ್ದರು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಬ್ಲೆಂಡರ್ ಇದೆ.

ಇಲ್ಲಿಗೇ ನಿಲ್ಲಿಸಿ ‘ಸಾಫ್ಟ್‌ವೇರ್ ಉಚಿತ, ಕನಸು ದೊಡ್ಡದಿರಲಿ, ನೀವೂ ಆಸ್ಕರ್ ಗೆಲ್ಲಬಹುದು’ ಎಂದು ಬರೆದರೆ ಅದು ಸುಳ್ಳು. ಕೋರ್ಸ್ ಮಾರುವವರ ಭಾಷಣವೂ ಹೀಗೇ ಇರುತ್ತದೆ. ‘ಫ್ಲೋ’ಗೆ ತಗುಲಿದ್ದು ಸುಮಾರು 35 ಲಕ್ಷ ಯೂರೊ, ಅಂದರೆ 30 ಕೋಟಿ ರೂಪಾಯಿ ಆಸುಪಾಸು. ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ, ನಮ್ಮ ಲೆಕ್ಕದಲ್ಲಿ ದೊಡ್ಡ ಮೊತ್ತ. ಲಾಟ್ವಿಯಾ, ಫ್ರಾನ್ಸ್, ಬೆಲ್ಜಿಯಂ ಮೂರು ದೇಶಗಳ ಸಹನಿರ್ಮಾಣ. ಅದರಲ್ಲಿ ಸರ್ಕಾರಿ ನೆರವೂ ಇತ್ತು. ಬೆಂಗಳೂರಿನ ಜನಸಂಖ್ಯೆಯ ಐದನೇ ಒಂದು ಭಾಗವೂ ಇಲ್ಲದ ದೇಶ, ತನ್ನ ಹುಡುಗನೊಬ್ಬ ಮಾತಿಲ್ಲದ ಬೆಕ್ಕಿನ ಚಿತ್ರ ಮಾಡುತ್ತೇನೆ ಎಂದಾಗ ಸಾರ್ವಜನಿಕ ಹಣ ಕೊಟ್ಟಿತು. ಆ ಗೆಲುವಿನಲ್ಲಿ ಒಬ್ಬನ ಛಲ ಎಷ್ಟಿದೆಯೋ ಒಂದು ವ್ಯವಸ್ಥೆಯ ನಂಬಿಕೆಯೂ ಅಷ್ಟೇ ಇದೆ.

ಗೇಮ್‌ಗಳ ಕಥೆಯೂ ಬೇರೆಯಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್ ಅನಿಮೇಷನ್ ಉತ್ಸವದಲ್ಲಿ ಗೇಮ್‌ಗಳಿಗೂ ಪ್ರಶಸ್ತಿ ಇದೆ. ಅಮೆರಿಕದ ಆನಿ ಪ್ರಶಸ್ತಿಗಳಲ್ಲೂ ಗೇಮ್‌ ಪಾತ್ರಗಳ ಅನಿಮೇಷನ್‌ಗೆ ಒಂದು ವಿಭಾಗವಿದೆ. 2018ರಲ್ಲಿ ಆ ಪ್ರಶಸ್ತಿ ಪಡೆದದ್ದು ಕೆನಡಾದ ಚಾಡ್ ಮತ್ತು ಜೇರ್ಡ್ ಮೋಲ್ಡನ್‌ಹಾವರ್ ಸಹೋದರರ ‘ಕಪ್‌ಹೆಡ್’. 1930ರ ದಶಕದ ಕಾರ್ಟೂನುಗಳ ಶೈಲಿಯಲ್ಲಿ ಪಾತ್ರಗಳನ್ನೆಲ್ಲ ಕಾಗದದ ಮೇಲೆ ಪೆನ್ಸಿಲ್‌ನಿಂದ ಬರೆದು, ಹಿನ್ನೆಲೆಗೆ ಜಲವರ್ಣ ಬಳಸಿ ಮಾಡಿದ ಗೇಮ್ ಅದು. ಅದಕ್ಕಾಗಿ ಅಣ್ಣತಮ್ಮಂದಿರು ಇದ್ದ ಕೆಲಸ ಬಿಟ್ಟರು, ಮನೆ ಅಡವಿಟ್ಟರು. ನಮ್ಮಲ್ಲೂ ಅಂಥದ್ದೊಂದು ಪ್ರಯತ್ನ ನಡೆದಿದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ‘ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್’ಗಾಗಿ ಜನರಿಂದ ಹಣ ಸಂಗ್ರಹಿಸಲು ಹೊರಟು ಗುರಿ ಮುಟ್ಟಲಿಲ್ಲ. ಆದರೂ ಬಿಡದೆ 2020ರಲ್ಲಿ ಗೇಮ್ ಹೊರತಂದರು. ತಮ್ಮನನ್ನು ಹುಡುಕಿ ಹೊರಟ ಭಾರತದ ಹುಡುಗಿಯೊಬ್ಬಳ ಕಥೆಯನ್ನು ಜಗತ್ತು ಆಡಿತು. ಅಂತರರಾಷ್ಟ್ರೀಯ ಗೇಮ್ ಪ್ರಶಸ್ತಿಗೆ ನಾಮನಿರ್ದೇಶನವೂ ಆಯಿತು. ಅದೇ ವರ್ಷ ಕೋಲ್ಕತ್ತದ ಯುವಕರ ತಂಡ ಮಾಡಿದ ‘ವೇಡ್’ ಎಂಬ ಕಿರುಚಿತ್ರಕ್ಕೆ ಆನ್ಸಿ ನಗರದ ಹೆಸರಿನ ಪ್ರಶಸ್ತಿ ಬಂತು. ಸಮುದ್ರ ಉಕ್ಕಿ ಮುಳುಗಿದ ಕೋಲ್ಕತ್ತದ ಬೀದಿಗಳಲ್ಲಿ ಸುಂದರಬನದ ಹುಲಿಗಳು ಮನುಷ್ಯರಿಗೆ ಎದುರಾಗುವ ಕಥೆ ಅದರದ್ದು.

ಇವರೆಲ್ಲ ಗೆದ್ದವರು. ಮನೆ ಅಡವಿಟ್ಟು ಸೋತವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಸಾಲದ ಕಂತು ಕಟ್ಟುತ್ತಿರುವ ನನಗೆ ಅದು ಚೆನ್ನಾಗಿ ಗೊತ್ತು. ಆದ್ದರಿಂದ ‘ಎಲ್ಲ ಬಿಟ್ಟು ಕನಸಿನ ಹಿಂದೆ ಓಡಿ’ ಎಂದು ಯಾರಿಗೂ ಹೇಳಲಾರೆ. ಮನೆ ಅಡವಿಡದೆಯೂ ಸ್ವಂತ ಕಥೆ ಹೇಳುವ ದಾರಿ ನಮ್ಮ ಹುಡುಗ ಹುಡುಗಿಯರಿಗೆ ಇರಬೇಕಲ್ಲವೇ? ನಾನು ಕೇಳುತ್ತಿರುವುದು ಅಷ್ಟು ಮಾತ್ರ.

ಕರ್ನಾಟಕಕ್ಕೆ ಇದು ಹೊಸ ವಿಷಯವಲ್ಲ. 2012ರಲ್ಲೇ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ನಮ್ಮದು. 2024–29ರ ನೀತಿಯಲ್ಲಿ 30 ಸಾವಿರ ಹೊಸ ಉದ್ಯೋಗಗಳ ಗುರಿ ಇದೆ. ಒಳ್ಳೆಯದೇ. ಆದರೆ ಆ 30 ಸಾವಿರದಲ್ಲಿ ಎಷ್ಟು ಕೂದಲ ಸುತ್ತ ಗೆರೆ ಎಳೆಯುವ ಕೆಲಸ, ಎಷ್ಟು ಕಥೆ ಕಟ್ಟುವ ಕೆಲಸ ಎಂದು ಕೇಳುವ ಹಕ್ಕು ನಮಗಿದೆ. ಹೊರಗಿನವರ ಕೆಲಸ ಮಾಡಿಕೊಡುವುದು ಅವಮಾನವಲ್ಲ. ನನ್ನ ಮೊದಲ ಸಂಬಳ ಬಂದದ್ದು ಅದರಿಂದಲೇ. ಆದರೆ ಅಲ್ಲಿ ಒಬ್ಬ ಗಿರಾಕಿ ಕೈಬಿಟ್ಟರೆ ಇಲ್ಲಿ ಇಡೀ ಸ್ಟುಡಿಯೊ ಮುಚ್ಚುತ್ತದೆ. ಜೊತೆಗೆ, ಗೆರೆ ಎಳೆಯುವಂಥ ಕೆಲಸವನ್ನು ಯಂತ್ರವೇ ಕಲಿಯುತ್ತಿದೆ. ನಮ್ಮ ಸ್ವಂತ ಕಥೆ, ಸ್ವಂತ ಪಾತ್ರ ಇದ್ದರೆ ಮಾತ್ರ ಕಾಲ ಕೆಳಗೆ ಒಂದಿಷ್ಟು ನೆಲ ಉಳಿಯುತ್ತದೆ.

ನೆರಳಿನ ಚಿತ್ರಕ್ಕೆ ಆನ್ಸಿ ಬಹುಮಾನ ಕೊಟ್ಟ 2025ರಲ್ಲೇ ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ದೀಪದ ಮುಂದೆ ತೊಗಲುಗೊಂಬೆ ಹಿಡಿದು, ಪರದೆಯ ಮೇಲೆ ರಾಮಾಯಣ, ಮಹಾಭಾರತ ನಡೆಸಿದ ಅಜ್ಜಿ ಅವರು. ಈಗ ಉಳಿದಿರುವ ಅತಿ ಹಳೆಯ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ, 1926ರ ‘ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಖ್ಮೆದ್’ ಕೂಡ ಕತ್ತರಿಸಿದ ಗೊಂಬೆಗಳ ನೆರಳಿನಾಟವೇ. ಅದನ್ನು ಮಾಡಿದವರೂ ಒಬ್ಬ ಹೆಣ್ಣುಮಗಳು, ಜರ್ಮನಿಯ ಲೊಟ್ಟೆ ರೈನಿಗರ್. ಡಿಪ್ಲೊಮಾ ತರಗತಿಯಲ್ಲಿ ನನಗೆ ರೈನಿಗರ್ ಬಗ್ಗೆಯೂ ಹೇಳಲಿಲ್ಲ, ಭೀಮವ್ವನ ಬಗ್ಗೆಯೂ ಹೇಳಲಿಲ್ಲ. ಯಾವ ಬಟನ್ ಒತ್ತಿದರೆ ಏನಾಗುತ್ತದೆ ಎಂಬುದನ್ನಷ್ಟೇ ಹೇಳಿದರು. ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗ ಬಟನ್‌ಗಳ ಜಾಗವೂ ಬದಲಾಯಿತು.

ಸರ್ಕಾರ ಮಾಡಬಹುದಾದದ್ದು ದೊಡ್ಡದೇನಲ್ಲ. ವರ್ಷಕ್ಕೆ ಹತ್ತೋ ಇಪ್ಪತ್ತೋ ಕನ್ನಡ ಅನಿಮೇಷನ್ ಕಿರುಚಿತ್ರ, ಗೇಮ್‌ಗಳಿಗೆ ಸಣ್ಣ ಧನಸಹಾಯ ಕೊಡಲಿ. ಅರ್ಜಿ ಹಾಕಲು ಕಂಪನಿ ಇರಬೇಕೆಂಬ ಷರತ್ತು ಬೇಡ. ಜಿಲ್ಲೆಗಳ ಕಾಲೇಜುಗಳಲ್ಲಿ ಸಂಜೆ ಬೀಗ ಬೀಳುವ ಕಂಪ್ಯೂಟರ್ ಲ್ಯಾಬುಗಳನ್ನು ಆಸಕ್ತರಿಗೆ ತೆರೆದಿಡಲಿ.

ಇನ್ನು ನಾವು? ಕೋರ್ಸ್ ಸೇರುವ ಮುನ್ನ ಪೋಸ್ಟರ್ ನೋಡಬೇಡಿ. ಹಿಂದಿನ ಬ್ಯಾಚಿನ ಐದು ಜನರ ಫೋನ್ ನಂಬರ್ ಕೇಳಿ, ಅವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ವಿಚಾರಿಸಿ. ನಂಬರ್ ಕೊಡಲು ಹಿಂಜರಿದರೆ ಅದೇ ಉತ್ತರ. ಅಹಮದಾಬಾದಿನ ಎನ್‌ಐಡಿಯಲ್ಲಿ ಅನಿಮೇಷನ್, ಅದರ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಗೇಮ್ ವಿನ್ಯಾಸ ಕಲಿಸುತ್ತಾರೆ. ಪ್ರವೇಶ ಪರೀಕ್ಷೆಗೆ ಒಂದು ವರ್ಷ ಗಟ್ಟಿಯಾಗಿ ತಯಾರಾಗುವುದು, ಸಾಲ ಮಾಡಿ ಸಿಕ್ಕಲ್ಲಿ ಸೇರುವುದಕ್ಕಿಂತ ಮೇಲು. ಅದಕ್ಕೂ ಮೊದಲು ಬ್ಲೆಂಡರ್ ಇಳಿಸಿಕೊಂಡು, ಒಂದೇ ಒಂದು ನಿಮಿಷದ ಚಿತ್ರ ಮುಗಿಸಿ ನೋಡಿ. ‘ಮುಗಿಸಿ’ ಎಂಬ ಪದಕ್ಕೆ ಒತ್ತು ಕೊಟ್ಟು ಹೇಳುತ್ತಿದ್ದೇನೆ. ಅರ್ಧಕ್ಕೆ ಬಿಟ್ಟ ಹತ್ತು ಕೆಲಸ ನನ್ನ ಲ್ಯಾಪ್‌ಟಾಪಿನಲ್ಲೂ ಇವೆ. ಒಂದು ನಿಮಿಷ ಮುಗಿಸುವಷ್ಟರಲ್ಲಿ ಈ ಕೆಲಸ ನಿಮಗೆ ಇಷ್ಟವೋ, ಅಥವಾ ಇಷ್ಟವಾಗಿದ್ದು ಪೋಸ್ಟರ್ ಮಾತ್ರವೋ ಗೊತ್ತಾಗುತ್ತದೆ. ಗೊತ್ತಾಗಲು ಒಂದು ಪೈಸೆ ಖರ್ಚೂ ಇಲ್ಲ.

ನಾನು ಎಫ್‌ಡಿಎ ಓದು ಬಿಟ್ಟಿಲ್ಲ. ಬಿಡುವ ಸ್ಥಿತಿಯೂ ಇಲ್ಲ. ಹಗಲು ಓದುತ್ತೇನೆ. ರಾತ್ರಿ ಎರಡು ಗಂಟೆ ಒಂದು ನಿಮಿಷದ ಚಿತ್ರ ಮಾಡುತ್ತಿದ್ದೇನೆ. ಹಬ್ಬದ ಹಿಂದಿನ ರಾತ್ರಿ ಟೇಲರ್ ಅಂಗಡಿಯಲ್ಲಿ ಹೊಲಿದಿಟ್ಟ ಬಟ್ಟೆಗಳು ತಮ್ಮ ಮಾಲೀಕರು ಯಾವಾಗ ಬರುತ್ತಾರೆಂದು ಕಾಯುವ ಕಥೆ. ಮಾತಿಲ್ಲ, ಮಷಿನ್ ಸದ್ದು ಮಾತ್ರ. ಆ ಸದ್ದನ್ನು ಅಪ್ಪನ ಮಷಿನ್ನಿನಿಂದಲೇ ರೆಕಾರ್ಡ್ ಮಾಡಿಕೊಂಡಿದ್ದೇನೆ. ಇದುವರೆಗೆ 22 ಸೆಕೆಂಡ್ ಆಗಿದೆ.

ಮೊನ್ನೆ ಅವ್ವನಿಗೆ ತೋರಿಸಿದೆ. ಬಟ್ಟೆಯ ತೋಳೊಂದು ಮೆಲ್ಲಗೆ ಎದ್ದು ಬಾಗಿಲ ಕಡೆ ಇಣುಕಿದಾಗ ನಕ್ಕಳು. ‘ಇದರಾಗ ನೀ ಮಾಡಿದ್ದು ಯಾವುದು?’ ಎಂದು ಈ ಸಲ ಕೇಳಲಿಲ್ಲ. ‘ಮುಂದ ಏನಾಗ್ತದ?’ ಎಂದು ಕೇಳಿದಳು.